ಒತ್ತಿದವರು

ಎದ್ದಾಗಿನಿಂದ ಎಲ್ಯುತೆರಿಯೊ ಗನಿಲಾನ ನಾಲಿಗೆಯ ಮೇಲೆ ಒಂದೇ ಪದ ಕೂತಿತ್ತು: ಅಸಿಂಧು. ಹಲ್ಲುಜ್ಜಿ ಉಗುಳಿದರೂ ಹೋಗಲಿಲ್ಲ. ಇಪ್ಪತ್ತಾರು ವರ್ಷ ಇಲೊಯಿಲೊದ ಪತ್ರಿಕೆಯೊಂದರಲ್ಲಿ ಕರಡು ತಿದ್ದಿದವನು ಅವನು. ಪದವೊಂದು ಎದುರಾದರೆ ಅದು ಆ ಜಾಗಕ್ಕೆ ಹೊಂದುತ್ತದೆಯೇ ಎಂದು ಮೊದಲು ನೋಡುವುದು, ಅರ್ಥವನ್ನು ಆಮೇಲೆ ವಿಚಾರಿಸುವುದು ಅವನ ಅಭ್ಯಾಸ. ಮತ ಅಸಿಂಧುವಾಗಬಹುದು. ಮದುವೆ ಅಸಿಂಧುವಾಗಬಹುದು. ಬೆರಳಿನಿಂದ ಒತ್ತಿದ್ದು ಹೇಗೆ ಅಸಿಂಧುವಾಗುತ್ತದೆ? ಒತ್ತಿದ್ದು ಒತ್ತಿದ್ದೇ. ಜಾಹೀರಾತು ಕಂಪನಿಯ ಪತ್ರದಲ್ಲಿದ್ದದ್ದು ಇಷ್ಟೇ: 'ನಿಮ್ಮ ಜಾಲತಾಣದ ಜಾಹೀರಾತುಗಳ ಮೇಲೆ ಅಸಿಂಧು ಚಟುವಟಿಕೆ ಕಂಡುಬಂದಿರುವುದರಿಂದ ನಿಮ್ಮ ಖಾತೆಯನ್ನು ಮುಚ್ಚಲಾಗಿದೆ. ಬಾಕಿ ಮೊತ್ತವನ್ನು ಪಾವತಿಸಲಾಗುವುದಿಲ್ಲ.' ಎಷ್ಟು ಒತ್ತುಗಳು, ಯಾವ ದಿನದವು, ಯಾರವು, ಒಂದೂ ಇರಲಿಲ್ಲ. ಕೆಳಗೆ ಸಹಿಯೂ ಇರಲಿಲ್ಲ. 'ನಿಮ್ಮ ತಂಡ' ಎಂದಿತ್ತು. ನನ್ನ ತಂಡವಂತೆ, ಎಂದು ಅವನು ಕನ್ನಡಿಗೆ ಹೇಳಿದ. ತನ್ನ ಪತ್ರಿಕೆಯಲ್ಲಿ ಸತ್ತವರ ಪಟ್ಟಿಯಲ್ಲಿ ಒಂದು ಹೆಸರು ತಪ್ಪಾದರೂ ಮಾರನೆಯ ದಿನ ಎರಡನೇ ಪುಟದಲ್ಲಿ ತಿದ್ದುಪಡಿ ಹಾಕಿ, ಕೆಳಗೆ ಸಂಪಾದಕರ ಹೆಸರು ಕೊಡುತ್ತಿದ್ದರು.

"ಅಂಗಿಗೆ ಇಸ್ತ್ರಿ ಹಾಕಿದೀನಿ," ಎಂದಳು ಹೆಂಡತಿ ಕೊನ್ಸಿಂಗ್ ಅಡುಗೆಮನೆಯಿಂದ. "ಕುರ್ಚಿ ಜೊತೆ ಮಾತಾಡೋಕೆ ಇಸ್ತ್ರಿ ಯಾಕೋ ಗೊತ್ತಿಲ್ಲ. ಎರಡು ಸಲ ಖಾಲಿ ಕುರ್ಚಿ ಎದುರು ಕೂತು ಬಂದೆ. ಮೂರನೇ ಸಲ ಆ ಕುರ್ಚಿನೇ ನಾಚ್ಕೊಂಡು ಎದ್ದು ಹೋಗತ್ತೆ ನೋಡು."

"ಕಂಪನಿಯೋರನ್ನ ಮೂರು ಸಲ ಕರೆಯೋದು ಕಾನೂನು."

"ಕಾನೂನು ಗೊತ್ತಿರೋನು ನೀನೊಬ್ಬನೇ. ಎರಡು ಹಂದಿಮರಿ ಬೆಲೆಗೆ ಊರ ಪಂಚಾಯ್ತಿ ಮಾಡೋ ಇಡೀ ಬರಂಗಾಯ್ ಕಚೇರಿನ ಮೂರು ಸಲ ಕೂರಿಸ್ತಿದೀಯ."

ಹಂದಿಮರಿಯ ಲೆಕ್ಕ ಸರಿಯಾಗಿಯೇ ಇತ್ತು. ನೂರ ಮೂರು ಡಾಲರಿಗೆ ಎರಡು ಮರಿ ಬರುತ್ತವೆ. ಆ ಲೆಕ್ಕ ಸರಿಯಾಗಿದ್ದದ್ದೇ ಅವನನ್ನು ಚುಚ್ಚಿತು. ಮೊತ್ತ ದೊಡ್ಡದಿದ್ದರೆ ಸಿಟ್ಟಿಗೆ ಮರ್ಯಾದೆ ಇರುತ್ತಿತ್ತು. ಪತ್ರಿಕೆ ಮುಚ್ಚಿ ಗಿಮರಸ್ ದ್ವೀಪಕ್ಕೆ ವಾಪಸಾದ ವರ್ಷ ಅವನು ಆ ಜಾಲತಾಣ ತೆರೆದಿದ್ದ: ಹೊರ್ದಾನ್ ದಕ್ಕೆಯಿಂದ ಆಚೆ ದಡಕ್ಕೆ ಹೋಗುವ ಪಂಪ್‌ಬೋಟುಗಳ ವೇಳೆ, ಕೊನೆಯ ದೋಣಿ, ಗಾಳಿಗೆ ನಿಂತ ದೋಣಿ, ಪವಿತ್ರ ವಾರದ ಬದಲಾವಣೆ. ಒಂಬತ್ತು ವರ್ಷ, ಪ್ರತಿ ಬೆಳಿಗ್ಗೆ ದಕ್ಕೆಗೆ ಹೋಗಿ ಕಣ್ಣಾರೆ ನೋಡಿ ಹಾಕಿದ್ದು. ಸರ್ಕಾರದ ಪುಟದಲ್ಲಿ ಮೂರು ವರ್ಷದ ಹಿಂದೆ ಕೆಟ್ಟುಹೋದ ದೋಣಿಯ ಹೆಸರು ಇನ್ನೂ ಇದೆ. ಅವನ ಪುಟದಲ್ಲಿ ಐದು ನಿಮಿಷದ ತಪ್ಪೂ ಇಲ್ಲ. ಪಕ್ಕದಲ್ಲಿ ಕಂಪನಿ ತಾನೇ ತಂದು ಕೂರಿಸುವ ಜಾಹೀರಾತು. ಯಾರಾದರೂ ಅದನ್ನು ಒತ್ತಿದರೆ ಇವನಿಗೊಂದು ಪಾಲು. ಮೊದಲ ವರ್ಷ ಒಂದು ಒತ್ತಿಗೆ ನಾಲ್ಕು ಪೆಸೊ ಬಿದ್ದದ್ದುಂಟು. ಆಮೇಲೆ ಎರಡು, ಆಮೇಲೆ ಒಂದು ಪೆಸೊಗೂ ಕಡಿಮೆ, ಎಂಬತ್ತು ಸೆಂಟಾವೊ, ಈಗ ಮೂವತ್ತು. ಅದೇ ಬೆರಳು, ಅದೇ ಒತ್ತು. ಮೀನಿನ ಸಂತೆಯಲ್ಲಿ ಬೆಲೆ ಇಳಿದರೆ ಮಾರುವವಳಾದರೂ ಹೇಳುತ್ತಾಳೆ, ನಿನ್ನೆ ಬಲೆ ತುಂಬಿತ್ತು ಅಂತ. ಇಲ್ಲಿ ಬೆಲೆ ಇಳಿದ ದಿನ ಯಾರೂ ಏನೂ ಹೇಳಲಿಲ್ಲ. ನೂರು ಡಾಲರ್ ತುಂಬಿದರೆ ಮಾತ್ರ ಕಳಿಸುತ್ತಾರೆ. ತುಂಬಲು ಹನ್ನೊಂದು ತಿಂಗಳು ಹಿಡಿಯಿತು. ಇಪ್ಪತ್ತೊಂದಕ್ಕೆ ಹಣ ಬರಬೇಕಿತ್ತು, ಹತ್ತೊಂಬತ್ತಕ್ಕೆ ಪತ್ರ ಬಂತು.

ಕೊನ್ಸಿಂಗ್ ಬಾಗಿಲಿಗೆ ಬಂದು ಅವನ ಕಾಲರ್ ಸರಿಮಾಡಿದಳು. ಅವಳ ಕೈಯಲ್ಲಿ ಬೆಳ್ಳುಳ್ಳಿಯ ವಾಸನೆ ಇತ್ತು. "ಒಂದು ಮಾತು ಕೇಳ್ತೀನಿ, ರೇಗಬೇಡ. ನಿನ್ನ ಹುಟ್ಟುಹಬ್ಬಕ್ಕೆ ದಕ್ಕೆಗೆ ಪನ್ಸಿತ್ ಶಾವಿಗೆ ಮಾಡಿಸ್ಕೊಂಡು ಹೋದೆಯಲ್ಲ, ದೊಡ್ಡ ಬೋಸಿಲಿ. ಅರವತ್ತು ಹುಟ್ಟುಹಬ್ಬಕ್ಕೆ ಹೋಗದೇ ಇರೋ ಪನ್ಸಿತ್ ಅರವತ್ತೊಂದನೇದಕ್ಕೆ ಯಾಕೆ ಹೋಯ್ತು?"

"ಹುಟ್ಟುಹಬ್ಬ ಅಂತ."

"ಸರಿ. ಹುಟ್ಟುಹಬ್ಬ." ಅವಳು ಅವನ ಭುಜದ ಮೇಲಿದ್ದ ದಾರವೊಂದನ್ನು ತೆಗೆದು ಒಳಗೆ ಹೋದಳು.

ದಕ್ಕೆಗೆ ಇಳಿಯುವ ರಸ್ತೆಯುದ್ದಕ್ಕೂ ಅವನು ಅವಳೊಂದಿಗೆ ಮನಸ್ಸಿನಲ್ಲೇ ವಾದಿಸಿದ. ಹುಟ್ಟುಹಬ್ಬದವನು ಊಟ ಹಾಕಬೇಕು, ಇದು ಊರಿನ ರೀತಿ. ದಗ್ಯಾವ್‌ಗೆ, ಊರವರು ಕೂಡಿ ಮಾಡುವ ಕೆಲಸಕ್ಕೆ, ಬಂದವರಿಗೂ ಊಟ ಹಾಕಬೇಕು, ಅದೂ ಊರಿನ ರೀತಿ. ಅವನ ಅಪ್ಪನ ಬಿದಿರಿನ ಮನೆಯನ್ನು ಹೊಳೆದಂಡೆಯಿಂದ ದಿಬ್ಬಕ್ಕೆ ಒಯ್ದ ದಿನ ಇಪ್ಪತ್ತು ಗಂಡಸರು ಬಂದಿದ್ದರು. ಯಾರನ್ನೂ ಕರೆದಿರಲಿಲ್ಲ. ದಗ್ಯಾವ್‌ಗೆ ಕರೆಯುವುದಿಲ್ಲ, ಕರೆದರೆ ಅದು ಕೂಲಿ. ಗೊತ್ತಾದವರು ಬಂದು ಗಳುಗಳಿಗೆ ಹೆಗಲು ಕೊಡುತ್ತಾರೆ, ಮನೆ ನಡೆದು ಹೋಗುತ್ತದೆ, ಮನೆಯಾಕೆ ಗಂಜಿಯಾದರೂ ಬಡಿಸುತ್ತಾಳೆ. ಬಡಿಸದಿದ್ದರೆ ಮೂರು ತಲೆಮಾರು ಆಡಿಕೊಳ್ಳುತ್ತಾರೆ. ಅಮ್ಮ ಅವತ್ತು ಮೊಟ್ಟೆಯಿಡುವ ಕೋಳಿಯನ್ನೇ ಕೊಯ್ದಿದ್ದಳು. ಕಂಪನಿಯ ಕರಾರಿನಲ್ಲಿ ಇದಕ್ಕೊಂದು ಸಾಲು ಇದೆ: 'ಒತ್ತುವಂತೆ ಯಾರನ್ನೂ ಕೇಳಿಕೊಳ್ಳಬಾರದು, ಒತ್ತಿದವರಿಗೆ ಪ್ರತಿಫಲ ಕೊಡಬಾರದು.' ಕೇಳಿಕೊಂಡಿಲ್ಲ. ಪ್ರತಿಫಲ ಎಂಬ ಪದ ಅವನ ಅಮ್ಮನ ಕೋಳಿಯ ಪಕ್ಕದಲ್ಲಿ ಹೊಂದುತ್ತಿರಲಿಲ್ಲ. ಆದರೂ ಆ ವಾಕ್ಯವನ್ನು ಅವನು ನಲವತ್ತು ಸಲ ಓದಿದ್ದ.

"ಬಂದ್ರಪ್ಪ ವಕೀಲ್ರು!" ಎಂದು ಹಮಾಲಿ ಬೊಡೊಯ್ ಎರಡು ಮಾವಿನ ಬುಟ್ಟಿಗಳ ನಡುವಿನಿಂದ ಕೂಗಿದ. ದಕ್ಕೆಯವರಿಗೆಲ್ಲ ಎಲ್ಯುತೆರಿಯೊ 'ಮಾನೊಂಗ್ ತೆರಿಯೊ', ತೆರಿಯೊ ಅಣ್ಣ. "ಮಾನೊಂಗ್ ತೆರಿಯೊ, ಕಂಪನಿಯೋರು ಯಾವ ದೋಣೀಲಿ ಬರ್ತಾರೆ ಹೇಳಿ, ಸೂಟ್‌ಕೇಸ್ ನಾನೇ ಹೊರ್ತೀನಿ. ಡಾಲರಲ್ಲೇ ಕೊಡ್ಲಿ."

ನಕ್ಕರು. ಅವನೂ ನಕ್ಕ, ನಗದಿದ್ದರೆ ಇನ್ನೂ ಹೇಳುತ್ತಾರೆಂದು. ಏಳೂ ಹತ್ತರ ದೋಣಿ ಏಳೂ ಹದಿನಾಲ್ಕಕ್ಕೆ ಬಿಟ್ಟಿತು, ಬರೆದುಕೊಂಡ. ಬರೆದುಕೊಳ್ಳುವಾಗ ತನ್ನ ಬೆನ್ನ ಮೇಲೆ ಎಲ್ಲರ ಕಣ್ಣು ಇರುವುದು ಗೊತ್ತಾಯಿತು. ಹಿಂದೆಯೂ ಇರುತ್ತಿತ್ತು, ಆಗ ಅದು ಬೆಚ್ಚಗಿರುತ್ತಿತ್ತು.

ಟಿಕೆಟ್ ಕಿಟಕಿಯಿಂದ ಮಾರಿವೆಲ್ ಕೈಬೀಸಿ ಕರೆದಳು. ಹೋದ ಜುಲೈನಲ್ಲಿ ಇದೇ ಕಿಟಕಿಯ ಮುಂದೆ ನಿಂತು ಅವನು ಅವಳಿಗೆ ತನ್ನ ಪುಟ ತೋರಿಸಿದ್ದ. ಅವಳು ಕೇಳಿದ್ದಳು, ಇದರಿಂದ ನಿಮಗೆ ಏನ್ ಸಿಗತ್ತೆ ಮಾನೊಂಗ್, ದಿನಾ ಬಿಸಿಲಲ್ಲಿ ನಿಂತ್ಕೋತೀರಲ್ಲ? ಅವನು ಹೇಳಿದ್ದ: 'ಯಾರಾದ್ರೂ ಇದನ್ನ ಒತ್ತಿದ್ರೆ ನನಗೆ ಮೂವತ್ತು ಸೆಂಟಾವೊ.' ಆ ವಾಕ್ಯವನ್ನು ಅವನು ಈಗ ಕರಡಿನಂತೆ ಮತ್ತೆ ಮತ್ತೆ ಎತ್ತಿ ಬೆಳಕಿಗೆ ಹಿಡಿಯುತ್ತಿದ್ದ. ಅದರಲ್ಲಿ ಕೋರಿಕೆ ಇಲ್ಲ. ಕ್ರಿಯಾಪದ ಷರತ್ತಿನದು. ಆದರೆ ಹೇಳುವಾಗ ಧ್ವನಿ ಹೇಗಿತ್ತು? ಸ್ವಲ್ಪ ಎಳೆದಿದ್ದನೇ? ಬೇಕೆಂದೇ 'ಮೂವತ್ತು' ಎಂಬಲ್ಲಿ ನಿಲ್ಲಿಸಿದ್ದನೇ? ಮೂವತ್ತಾ, ಒಂದು ಪೆಪ್ಪರಮೆಂಟೂ ಬರಲ್ಲ, ಎಂದು ಮಾರಿವೆಲ್ ನಕ್ಕಿದ್ದಳು. ಅಕ್ಟೋಬರಿನಲ್ಲಿ ದಿನಕ್ಕೆ ಐವತ್ತರಷ್ಟಿದ್ದ ಒತ್ತುಗಳು ನೂರ ಹದಿನಾಲ್ಕಾದವು. ಪ್ರವಾಸಿಗಳ ಕಾಲ, ಎಂದುಕೊಂಡ. ಅರ್ಧ ಗಂಟೆ ಮಾತ್ರ ಹಾಗೆಂದುಕೊಂಡ. ಒತ್ತುಗಳ ವೇಳೆಯ ಪಟ್ಟಿ ತೆರೆದಾಗ ಅವು ಏಳೂ ಇಪ್ಪತ್ತು, ಎಂಟೂ ಐದು, ಒಂಬತ್ತೂವರೆ ಹೀಗೆ ಗುಂಪುಗುಂಪಾಗಿದ್ದವು. ಒಂದು ದೋಣಿ ಬಿಟ್ಟು ಇನ್ನೊಂದು ಬರುವವರೆಗಿನ ಬಿಡುವು. ಆ ಬಿಡುವುಗಳನ್ನು ಜಗತ್ತಿನಲ್ಲಿ ಅವನಷ್ಟು ಸರಿಯಾಗಿ ಬಲ್ಲವರು ಬೇರೆ ಇರಲಿಲ್ಲ. ಆಗ ಟಿಕೆಟಿನವರ ಕೈ ಖಾಲಿ, ಹಮಾಲರ ಹೆಗಲು ಖಾಲಿ. ಗೊತ್ತಾಯಿತು. ನಿಲ್ಲಿಸಿ ಎನ್ನಲಿಲ್ಲ. ನವೆಂಬರ್ ಎಂಟರಂದು ಪನ್ಸಿತ್ ಒಯ್ದ.

"ಇದು ತಗೊಳ್ಳಿ," ಎಂದು ಮಾರಿವೆಲ್ ಕಿಟಕಿಯ ಕೆಳಗಿನಿಂದ ಒಂದು ಹಾಳೆ ಚಾಚಿದಳು. "ಹದಿಮೂರು ಜನ ಸಹಿ ಮಾಡಿದೀವಿ. ಬೊಡೊಯ್‌ಗೆ ಬರೆಯೋಕೆ ಬರಲ್ಲ, ಹೆಬ್ಬೆಟ್ಟು ಒತ್ತಿದಾನೆ. ಒತ್ತೋದ್ರಲ್ಲಿ ಅವನು ಎಕ್ಸ್‌ಪರ್ಟು."

ಹಾಳೆಯಲ್ಲಿ ಅವಳ ದುಂಡು ಅಕ್ಷರದಲ್ಲಿತ್ತು: 'ಕೆಳಗೆ ಸಹಿ ಮಾಡಿರುವ ನಾವು ಮಾನೊಂಗ್ ಎಲ್ಯುತೆರಿಯೊರ ಜಾಲತಾಣದಲ್ಲಿ ಯಾವ ಜಾಹೀರಾತನ್ನೂ ಎಂದೂ ಒತ್ತಿಲ್ಲವೆಂದು ದೇವರ ಮುಂದೆ ಪ್ರಮಾಣ ಮಾಡುತ್ತೇವೆ.' ಎರಡು ಕಡೆ ಕಾಗುಣಿತ ತಪ್ಪಿತ್ತು.

"ನಾನು ಕೇಳಿರಲಿಲ್ಲ, ಮಾರಿವೆಲ್."

"ಕೇಳಬೇಕಾ? ಬರಂಗಾಯ್ ಮುಖ್ಯಸ್ಥೆ ನಮ್ಮ ಕಾಪ್ ಮುಂದೆ ಇಟ್ಟು ಅವರ ಸೀಲು ಹಾಕಿಸಿ. ಹನ್ನೊಂದಕ್ಕೆ ಅಲ್ವಾ? ನಾನೂ ಬರ್ತೀನಿ, ಸಾಕ್ಷಿ ಬೇಕಲ್ಲ."

ಅವನು ಹಾಳೆಯನ್ನು ಮಡಿಸದೆ ಕಡತಕ್ಕೆ ಸೇರಿಸಿದ. ಬೇಡ ಎನ್ನಲು ಬಾಯಿ ತೆರೆದಿತ್ತು; ಮಾತು ಬರುವಷ್ಟರಲ್ಲಿ ಅವಳು ಮುಂದಿನವರಿಗೆ ಚಿಲ್ಲರೆ ಎಣಿಸುತ್ತಿದ್ದಳು. ಆಟರ್ನಿ ಹೆಲ್ವೆಸೊನ್ ಹೇಳಿದ್ದು ಇಂಥದೇ ಹಾಳೆ. ಇಲೊಯಿಲೊದ ಚರ್ಚಿನ ಪಕ್ಕ ಶನಿವಾರ ಬಡವರಿಗೆ ಪುಕ್ಕಟೆ ಸಲಹೆ ಕೊಡುವ ಆ ಹುಡುಗಿಗೆ ಮೂವತ್ತಾಗಿರಲಿಲ್ಲ. ಅವನಿಗಿಂತ ಮುಂದೆ ಜಮೀನಿನ ತಕರಾರಿನವರು, ಹೊಡೆಸಿಕೊಂಡ ಹೆಂಡತಿಯರು ಕೂತಿದ್ದರು. ತನ್ನ ಸರದಿ ಬಂದಾಗ ಅವನಿಗೆ ನಾಚಿಕೆಯಾಗಿತ್ತು. ಅವಳು ಕರಾರನ್ನು ಪೂರ್ತಿ ಓದಿದಳು, ಅದಕ್ಕೆ ಅವನು ಕೃತಜ್ಞನಾಗಿದ್ದ. ಅದನ್ನು ಪೂರ್ತಿ ಓದಿದ ಇನ್ನೊಬ್ಬರನ್ನು ಅವನು ಕಂಡದ್ದು ಅದೇ ಮೊದಲು. 'ತಕರಾರಿದ್ರೆ ಅವರ ಊರಿನ ಕೋರ್ಟಲ್ಲೇ ಹೂಡಬೇಕು ಅಂತ ಒಪ್ಕೊಂಡಿದೀರ, ಮಾನೊಂಗ್. ವಿಮಾನದ ಟಿಕೆಟ್ಟೇ ನಿಮ್ಮ ದಾವೆಯ ಹತ್ತರಷ್ಟಾಗತ್ತೆ.' ಗ್ರಾಹಕರ ದೂರು ತಗೊಳ್ಳೋ ಕಚೇರಿ? 'ನೀವು ಗ್ರಾಹಕರಲ್ಲ. ನೀವು ಏನನ್ನೂ ಕೊಂಡಿಲ್ಲ.' ಕಾರ್ಮಿಕ ಇಲಾಖೆ? 'ನೌಕರರೂ ಅಲ್ಲ.' ಹಾಗಾದ್ರೆ ನಾನು ಏನು, ಆಟರ್ನಿ? 'ಕರಾರಲ್ಲಿ ನಿಮ್ಮನ್ನ ಪ್ರಕಾಶಕರು ಅಂದಿದಾರೆ.' ಆ ಪದ ಕೇಳಿ ಅವನಿಗೆ ಒಂದು ಕ್ಷಣ ಹೆಮ್ಮೆಯಾಗಿತ್ತು, ಮರುಕ್ಷಣ ಆ ಹೆಮ್ಮೆಯ ಬಗ್ಗೆ ಹೇಸಿಗೆಯಾಗಿತ್ತು. ಬರಂಗಾಯ್ ಕಚೇರಿಯ ಕರೆಯ ಬಗ್ಗೆ ಹೇಳಿದಾಗ ಅವಳು ಪೆನ್ನು ಕೆಳಗಿಟ್ಟಳು. 'ಆ ಕಾನೂನು ಊರಿನ ಮನುಷ್ಯ ಮನುಷ್ಯರ ಜಗಳಕ್ಕೆ ಮಾತ್ರ. ಕಂಪನಿ ಅದಕ್ಕೆ ಮನುಷ್ಯ ಅಲ್ಲ. ನಿಮ್ಮ ಕಾಪ್ ಅದನ್ನ ಕರೆಯೋ ಹಾಗೇ ಇಲ್ಲ.' ಅವನ ಧ್ವನಿ ಏರಿತ್ತು: 'ಮನುಷ್ಯ ಅಲ್ಲದಿದ್ರೆ ನನ್ನ ದುಡ್ಡು ತಗೊಂಡಿದ್ದು ಯಾರು?' ಹೊಡೆಸಿಕೊಂಡ ಹೆಂಡತಿಯರು ತಿರುಗಿ ನೋಡಿದ್ದರು. ಅವಳು ತಗ್ಗಿದ ದನಿಯಲ್ಲಿ ಹೇಳಿದ್ದಳು: 'ಮೇಲ್ಮನವಿ ಅರ್ಜಿ ಒಂದಿದೆಯಲ್ಲ, ಒಂದೇ ಸಲ ಕಳಿಸೋಕೆ ಬಿಡ್ತಾರೆ. ಅದರ ಜೊತೆ, ಪರಿಚಯದವರು ಯಾರೂ ಒತ್ತಿಲ್ಲ ಅಂತ ಪ್ರಮಾಣಪತ್ರ ಇಡಿ. ಓದೋದು ಯಂತ್ರ. ಯಂತ್ರಕ್ಕೆ ಇಲ್ಲ ಅನ್ನೋ ಪದ ಸಾಕು.'

ಬರಂಗಾಯ್ ಕಚೇರಿಯಲ್ಲಿ ಫ್ಯಾನು ತಿರುಗುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ಮುಖ್ಯಸ್ಥೆ ಕಾಪ್ ಮಿನ್ಯಾಂಗ್ ಮೇಜಿನ ಹಿಂದೆ ಕೂತು ಬೇಯಿಸಿದ ಬಾಳೆಹಣ್ಣು ತಿನ್ನುತ್ತಿದ್ದಳು. ಅವಳೂ ಅವನೂ ಒಂದೇ ಶಾಲೆಯಲ್ಲಿ ಓದಿದವರು. ಬಲಗಡೆ ಕಾರ್ಯದರ್ಶಿ ಲುಡಿಂಗ್ ದೊಡ್ಡ ದಾಖಲೆ ಪುಸ್ತಕ ತೆರೆದಿದ್ದಳು. ಎಡಗಡೆ ಪ್ರತಿವಾದಿಯ ಕುರ್ಚಿ. ಹಿಂದಿನ ಎರಡು ಸಲವೂ ಕರೆಯನ್ನು ಮಿಂಚಂಚೆಯಲ್ಲಿ ಕಳಿಸಿದ್ದರು; 'ಈ ವಿಳಾಸಕ್ಕೆ ಬಂದದ್ದನ್ನು ಯಾರೂ ಓದುವುದಿಲ್ಲ' ಎಂಬ ಉತ್ತರ ಒಂದೇ ಸೆಕೆಂಡಿನಲ್ಲಿ ಬಂದಿತ್ತು. ಕಾಪ್ ಅದನ್ನೇ ಮುದ್ರಿಸಿ 'ಕರೆ ತಲುಪಿದೆ' ಎಂದು ಷರಾ ಬರೆದಿದ್ದಳು. ಮೂರನೆಯದನ್ನು ಕರಾರಿನ ತಳದಲ್ಲಿದ್ದ ವಿಳಾಸಕ್ಕೆ ರಿಜಿಸ್ಟರ್ ಅಂಚೆಯಲ್ಲಿ ಹಾಕಿದ್ದರು. ಅದು ಎಲ್ಲಿದೆಯೋ ಗೊತ್ತಿರಲಿಲ್ಲ.

ಹನ್ನೊಂದು ಹತ್ತಾಯಿತು. ಮಾರಿವೆಲ್ ಬಾಗಿಲ ಬಳಿಯ ಬೆಂಚಿನಲ್ಲಿ ಕೂತು ಕಾಲರಿನ ಬೆವರು ಒರೆಸಿಕೊಳ್ಳುತ್ತಿದ್ದಳು. ಎದುರಿನ ಕುರ್ಚಿಯ ಪ್ಲಾಸ್ಟಿಕ್ಕಿನಲ್ಲಿ ಒಂದು ಬಿರುಕಿತ್ತು. ತೆರಿಯೊ ಅದನ್ನೇ ನೋಡುತ್ತಿದ್ದ. ಯಾರಾದರೂ ಬಂದು ಅದರಲ್ಲಿ ಕೂತಿದ್ದರೆ, ಎಷ್ಟೇ ಸೊಕ್ಕಿನವನಾಗಿರಲಿ, ತೊಡೆಗೆ ಬಿರುಕು ಕಚ್ಚಿ ಒಮ್ಮೆ ಅಲುಗುತ್ತಿದ್ದ. ಆಗ ಇವನು ಹೇಳಬಹುದಿತ್ತು: ಒಂಬತ್ತು ವರ್ಷದಲ್ಲಿ ನನ್ನ ಯಾವ ವೇಳೆ ತಪ್ಪು, ತೋರಿಸು. ಹನ್ನೊಂದು ತಿಂಗಳಲ್ಲಿ ಒಂಬತ್ತು ತಿಂಗಳ ಒತ್ತು ಅಪರಿಚಿತರದು, ಆಚೆ ದಡದ ಆಸ್ಪತ್ರೆಗೆ ಹೋಗುವವರದು, ಹೆಣ ತರುವವರದು. ಅದನ್ನೂ ಯಾಕೆ ನುಂಗಿದೆ? ಅಕ್ಟೋಬರ್, ನವೆಂಬರಿನದು ಕಳೆದು ಉಳಿದದ್ದು ಕೊಡು ಎಂದರೆ ಅದನ್ನು ಕೇಳಿಸಿಕೊಳ್ಳುವ ಕಿವಿ ಎಲ್ಲಿದೆ? ಕಳ್ಳ ಸಿಕ್ಕಿದ ಊರಿನಲ್ಲಿ ಇಡೀ ಊರನ್ನು ಸುಡುವುದಿಲ್ಲ. ಸಿಟ್ಟಿನಿಂದ ಅವನ ಕುತ್ತಿಗೆಯ ಹಿಂಭಾಗ ಬಿಸಿಯಾಯಿತು. ಅದೇ ಹೊತ್ತಿಗೆ, ಕಳ್ಳ ಎಂಬ ಪದ ತಾನೇ ಬಳಸಿದೆನಲ್ಲ ಎಂದು ಬೆಂಚಿನ ಕಡೆ ನೋಡಲಾಗದೆ ಕಣ್ಣು ತಗ್ಗಿಸಿದ.

"ಬರಲ್ಲ ಬಿಡಿ," ಎಂದಳು ಕಾಪ್, ಸಿಪ್ಪೆ ಬುಟ್ಟಿಗೆ ಹಾಕುತ್ತ. "ಲುಡಿಂಗ್, ಬರ್ಕೊ. ಪ್ರತಿವಾದಿ ಮೂರನೇ ಸಲವೂ ಗೈರು. ವಾದಿಗೆ ಕೋರ್ಟಿಗೆ ಹೋಗೋಕೆ ಅನುಮತಿ ಪತ್ರ ಕೊಡಲಾಗಿದೆ. ತೆರಿಯೊ, ಅದೇನೋ ಹಾಳೆ ಇದೆಯಂತಲ್ಲ, ಕೊಡು, ಸೀಲು ಹಾಕ್ತೀನಿ."

ಹಾಳೆ ಮೇಜಿನ ಮೇಲೆ ಬಂತು. ಹದಿಮೂರು ಹೆಸರು. ಬೊಡೊಯ್‌ನ ನೀಲಿ ಹೆಬ್ಬೆಟ್ಟು ಅಂಚಿನಲ್ಲಿ ಸ್ವಲ್ಪ ಜಾರಿತ್ತು. ದಗ್ಯಾವ್ ಎಂದರೆ ಇದೂ ಹೌದು, ಎಂದು ಅವನಿಗೆ ಹೊಳೆಯಿತು. ಕರೆಯದೆ ಬಂದು ಸುಳ್ಳಿಗೂ ಹೆಗಲು ಕೊಟ್ಟಿದ್ದಾರೆ. ಇದಕ್ಕೆ ನಾನು ಏನು ಬಡಿಸಬೇಕು?

"ಕಾಪ್, ಸೀಲು ಬೇಡ."

"ಯಾಕೆ, ಕಾಗುಣಿತ ತಪ್ಪಿದೆಯಾ?"

"ಎರಡು ಕಡೆ ತಪ್ಪಿದೆ. ಅದಲ್ಲ. ಇದು ನಿಜ ಅಲ್ಲ. ಅವರು ಒತ್ತಿದಾರೆ. ನನಗೆ ಅವತ್ತೇ ಗೊತ್ತಾಯ್ತು. ನಾನು ಬೇಡ ಅನ್ನಲಿಲ್ಲ. ಆಮೇಲೆ ಊಟ ಹಾಕಿದೆ. ಬರ್ಕೊ, ಲುಡಿಂಗ್."

ಲುಡಿಂಗ್ ಪೆನ್ನು ಎತ್ತಿ ಕಾಪ್‌ಳನ್ನು ನೋಡಿದಳು.

"ಹುಚ್ಚು ಹಿಡೀತಾ ನಿಂಗೆ?" ಎಂದಳು ಕಾಪ್. "ಈ ಪುಸ್ತಕದಲ್ಲಿ ಬಿದ್ರೆ ಬಿತ್ತು, ಆಮೇಲೆ ಅಳಿಸೋ ಹಾಗಿಲ್ಲ. ನಿನ್ನ ಕತ್ತು ನೀನೇ ಕೊಯ್ಕೋತಿದೀಯ. ಆ ಅರ್ಜಿಗೆ ಇನ್ನೇನು ಬರೀತೀಯ?"

"ಇದನ್ನೇ."

"ಕೊಡ್ತಾರಾ?"

"ಇಲ್ಲ."

ಮಾರಿವೆಲ್ ಎದ್ದು ನಿಂತಿದ್ದಳು. ಅವಳ ಮುಖ ಕೆಂಪಾಗಿತ್ತು. "ಏನ್ ಮಾನೊಂಗ್ ಇದು? ಕೆಲಸ ಬಿಟ್ಟು ಬಂದಿದೀನಿ. ಹದಿಮೂರು ಜನ ನಿಮಗೋಸ್ಕರ ದೇವ್ರ ಮೇಲೆ ಆಣೆ ಇಟ್ರು, ನೀವು ಎಲ್ಲರ ಮುಂದೆ ನಮ್ಮನ್ನ ಕಳ್ಳರು ಮಾಡ್ತಿದೀರ. ನಮಗೇನು ಸಿಕ್ತು ಅದರಿಂದ? ಒಂದು ತಟ್ಟೆ ಪನ್ಸಿತ್ತು, ಅದೂ ಉಪ್ಪು ಕಮ್ಮಿ!"

"ಕಳ್ಳರು ಅಂದಿದ್ದು ಅವರು," ಎಂದ ತೆರಿಯೊ. "ಅಸಿಂಧು ಅಂದಿದ್ದು ಅವರು. ನೀವು ಒತ್ತೇ ಇಲ್ಲ ಅಂತ ನಾನು ಬರೆದುಕೊಟ್ರೆ ಅವರು ಹೇಳಿದ್ದನ್ನ ನಾನೂ ಒಪ್ಕೊಂಡ ಹಾಗೆ, ಒತ್ತಿದ್ದು ನಾಚಿಕೆ ಕೆಲಸ ಅಂತ. ಅವರ ನಿಯಮ ನಾನು ಮುರಿದಿದೀನಿ, ಹೌದು. ಗೊತ್ತಿದ್ದೂ ಮುರಿದೆ. ಅಕ್ಟೋಬರದ್ದು, ನವೆಂಬರದ್ದು ಅವರೇ ಇಟ್ಕೊಳ್ಳಲಿ. ಉಳಿದ ತಿಂಗಳದ್ದು ನಂದು. ನೀವು ಬಂದಿದ್ದು ದಗ್ಯಾವ್‌ಗೆ. ಅದಕ್ಕೆ ಆ ಹೆಸರೇ ಇರಲಿ. ಒಂದು ಪುಸ್ತಕದಲ್ಲಾದ್ರೂ ಸರಿಯಾದ ಪದ ಇರಲಿ."

ಕಾಪ್ ತನ್ನ ಕೈಯನ್ನು ಬಟ್ಟೆಗೆ ಒರೆಸಿಕೊಂಡಳು. "ಬರ್ಕೊ, ಲುಡಿಂಗ್," ಎಂದಳು ಕೊನೆಗೆ, "ಅವನು ಹೇಳಿದ ಹಾಗೇ. ನಿಧಾನಕ್ಕೆ ಹೇಳು, ತೆರಿಯೊ, ಅವಳ ಕೈಗೆ ವಾತ."

ಅವನು ಹೇಳಿದ. ದಿನಾಂಕಗಳನ್ನು ಹೇಳಿದ, ದೋಣಿಗಳ ನಡುವಿನ ಬಿಡುವುಗಳನ್ನು ಹೇಳಿದ, ನೂರ ಹದಿನಾಲ್ಕು ಎಂದ. ಪನ್ಸಿತ್ ಎಂದ. ಕೇಳಿಕೊಂಡಿರಲಿಲ್ಲ ಎಂದ, ಸ್ವಲ್ಪ ತಡೆದು, 'ಆದರೆ ಮೂವತ್ತು ಸೆಂಟಾವೊ ಎಂದು ಹೇಳಿದಾಗ ಅವರು ಒತ್ತಲಿ ಎಂಬ ಆಸೆ ನನಗಿತ್ತು' ಎಂಬುದನ್ನೂ ಸೇರಿಸಿದ. ಲುಡಿಂಗ್ ಆ ಸಾಲಿಗೆ ತಲೆ ಎತ್ತಿ ನೋಡಿ ಮತ್ತೆ ಬರೆದಳು. ಹೆಸರುಗಳ ಸರದಿ ಬಂದಾಗ ಅವನು ನಿಲ್ಲಿಸಿದ. ಅವು ತಾನು ಕೊಡಬಹುದಾದವಲ್ಲ ಎಂದು ಅನ್ನಿಸಿತು. "ದಕ್ಕೆಯ ಕೆಲವರು ಅಂತ ಬರೆದ್ರೆ ಸಾಕು."

"ಕೆಲವರು ಯಾಕೆ?" ಬಾಗಿಲ ಬಳಿಯಿಂದ ಮಾರಿವೆಲ್ ಅಂದಳು. ಅವಳ ಸಿಟ್ಟು ಹೋಗಿರಲಿಲ್ಲ. ಮೇಜಿನ ಹತ್ತಿರ ಬಂದು ತನ್ನ ಹಾಳೆಯನ್ನು ಎತ್ತಿಕೊಂಡು ನಾಲ್ಕಾಗಿ ಮಡಿಸಿ ಸೊಂಟಕ್ಕೆ ಸಿಕ್ಕಿಸಿದಳು. "ಬೇರೆಯೋರದ್ದು ಅವರವರನ್ನೇ ಕೇಳಿ. ನನ್ನದು ಬರೀರಿ. ವೆಲ್‌ಗೆ ಎರಡು ಎಲ್. ಟಿಕೆಟ್ ಮೇಲೆ ಒಂದೇ ಹಾಕ್ತಾರೆ, ಅದು ತಪ್ಪು."

ಲುಡಿಂಗ್ ಎರಡು ಎಲ್ ಬರೆದಳು. ವಾದಿ ಸಹಿ ಮಾಡಿದ. ಕಾಪ್ ಸಹಿ ಮಾಡಿ ಸೀಲು ಒತ್ತಿದಳು. ಕೆಳಗಿನ ಕೊನೆಯ ಅಂಕಣ ಪ್ರತಿವಾದಿಯ ಹೆಸರು ಮತ್ತು ಸಹಿಗೆ. ಖಾಲಿ ಉಳಿದ ಜಾಗದಲ್ಲಿ ಯಾರೂ ಆಮೇಲೆ ಏನೂ ಸೇರಿಸದಂತೆ ಅಡ್ಡಗೆರೆ ಎಳೆಯುವುದು ಆ ಪುಸ್ತಕದ ಪದ್ಧತಿ; ಲುಡಿಂಗ್ ಅಳತೆಪಟ್ಟಿ ತೆಗೆದು ಅಲ್ಲಿ ಇಟ್ಟಳು.

"ಗೆರೆ ಎಳೀಬೇಡಿ," ಎಂದ ತೆರಿಯೊ.

"ನಿಯಮ ಇದೆ, ಮಾನೊಂಗ್."

"ಗೊತ್ತು," ಎಂದು ಅವನು ಅಳತೆಪಟ್ಟಿಯ ಮೇಲೆ ತನ್ನ ಅಂಗೈ ಇಟ್ಟ. "ಗೆರೆ ಎಳೆದ್ರೆ ಇಲ್ಲಿ ಯಾರೂ ಇರಲಿಲ್ಲ ಅಂತಾಗತ್ತೆ. ಇದ್ದಾರೆ. ಬಂದಿಲ್ಲ."